ಸವಳಂಗದಲ್ಲಿ ಒಮ್ಮೆಯಾದರೂ ಕೆಟ್ಟು ನಿಲ್ಲಬೇಕೆಂದು ಜಪಾನ್ ಇಂಜಿನ್ನಿಗೆ ಬಿನ್ನಹ

ನ್ಯಾಮತಿ, ೧೯೮೨ರ ಬೇಸಿಗೆ

ಮಾನ್ಯ ಇಂಜಿನ್ ಮಹಾಶಯರೇ,

ಸಮುದ್ರ ದಾಟಿ ಬಂದು, ಬೊಂಬಾಯಿಯಲ್ಲಿ ಇಬ್ಬರು ಮಾಲೀಕರನ್ನು ಮುದುಕರನ್ನಾಗಿ ಮಾಡಿ, ಕೊನೆಗೆ ನಮ್ಮ ಮನೆಯ ತಗಡಿನ ಶೆಡ್ಡನ್ನು ಪಾವನಗೊಳಿಸಿರುವ ಹಳೇ ಜಪಾನ್ ಕಾರಿನ ಇಂಜಿನ್ನರಾದ ತಮಗೆ ಶಿವಗಂಗಮ್ಮನ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ಬಲ್ಲೆ. ತಾವು ಸದಾ ಕ್ಷೇಮವಾಗಿರುವುದೇ ನನ್ನ ದೂರು.

ಈ ಸೀಮೆಯಲ್ಲಿ ಕಾರೆಂದರೆ ಕೆಡಬೇಕು. ಹೊನ್ನಾಳಿ ಸಾಹುಕಾರರ ಕಾರು ವಾರಕ್ಕೊಮ್ಮೆ ಹೊಗೆಯುಗುಳಿ ನಿಂತು, ಅವರ ಮನೆಯವರಿಗೆ ದಾರಿಯುದ್ದಕ್ಕೂ ನಂಟರನ್ನು ಮಾತಾಡಿಸುವ ಭಾಗ್ಯ ಒದಗಿಸಿದೆ. ತಾವೋ, ಈ ವಯಸ್ಸಿನಲ್ಲೂ ಒಂದು ಸೀನು ಸೀನುವುದಿಲ್ಲ. ಮೆಕ್ಯಾನಿಕ್ ಗೌಸ್‌ಪೀರ್ ಅವರು ಬಾನೆಟ್ ಎತ್ತಿ ನೋಡಿ, ಕೈ ಕಪ್ಪಾಗಲಿಲ್ಲವೆಂಬ ಬೇಸರದಲ್ಲಿ ಟೀ ಕುಡಿದು ಹೋಗುತ್ತಾರೆ.

ತಮಗೆ ತಿಳಿಯದ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ತಾವು ಬಂದ ಹೊಸತರಲ್ಲಿ, ಸವಳಂಗದ ನನ್ನ ಅಕ್ಕ ನಿರ್ಮಲಮ್ಮನ ಗಂಡ ಹಾಲಸ್ವಾಮಿ ಭಾವನವರು ಮದುವೆ ಮನೆಯೊಂದರ ಪಂಕ್ತಿಯಲ್ಲಿ ಕುಳಿತು, ಇದು ಬೊಂಬಾಯಿ ಗುಜರಿ, ನಮ್ಮೂರು ದಾಟುವುದಿಲ್ಲ ಎಂದು ನಕ್ಕರು. ಷಡ್ಡಕರ ಮಾತಿಗೆ ನಮ್ಮ ಯಜಮಾನರು ಊಟದೆಲೆ ಬಿಟ್ಟೆದ್ದು, ಎಲ್ಲರೆದುರು ಆಣೆ ಮಾಡಿದರು: "ಈ ಕಾರು ನಿಮ್ಮನಿ ಮುಂದೆ ಕೆಟ್ಟು ನಿಂತ ದಿನ ನಾನೇ ಬಂದು ಹೊಸ್ತಿಲು ತುಳೀತೀನಿ. ಅಲ್ಲೀತನ ನಮ್ಮನಿಯೋರು ಯಾರೂ ಬರಂಗಿಲ್ಲ."

ಅಂದಿನಿಂದ ತಾವು ಕೆಟ್ಟಿಲ್ಲ, ನಾನು ಅಕ್ಕನ ಮನೆ ಮೆಟ್ಟಿಲು ಹತ್ತಿಲ್ಲ. ಶಿಕಾರಿಪುರಕ್ಕೆ ಹೋಗುವಾಗಲೆಲ್ಲ ಸವಳಂಗ ಬಂದೊಡನೆ ಯಜಮಾನರು ಬೆನ್ನು ನೆಟ್ಟಗೆ ಮಾಡಿ, ಹಾರ್ನ್ ಒತ್ತಿ ಹಾದುಹೋಗುತ್ತಾರೆ. ನಿಂತರೆ ಕೆಟ್ಟಿದೆ ಎಂದುಕೊಂಡಾರೆಂದು ಅಲ್ಲಿ ಎಲೆ ಅಡಿಕೆಗೂ ನಿಲ್ಲಿಸುವುದಿಲ್ಲ. ನಾನು ಬಸ್ಸು ಹತ್ತುವಂತಿಲ್ಲ. ಹತ್ತಿದರೆ ಊರಿಗೆ ಊರೇ ತಮ್ಮ ಆರೋಗ್ಯ ವಿಚಾರಿಸಲು ಬರುತ್ತದಂತೆ. ಅಕ್ಕ ತಮ್ಮ ಸದ್ದು ಕೇಳಿ ಜಗಲಿಗೆ ಬರುತ್ತಾಳೆ, ಅವಳು ಕೈಯೆತ್ತುವಷ್ಟರಲ್ಲಿ ತಾವು ಊರು ದಾಟಿರುತ್ತೀರಿ. ಹೋದ ತಿಂಗಳು ಮಗಳ ಕೂಸನ್ನು ಎತ್ತಿ ತೋರಿಸಿದಳು. ಗಂಡೋ ಹೆಣ್ಣೋ ಎಂದೂ ತಿಳಿಯದಷ್ಟು ವೇಗ ತಮ್ಮದು. ಅಪ್ಪ ಅವ್ವ ಇಲ್ಲದ ನನಗೆ ಅವಳ ಮನೆಯೇ ತವರು, ಅವತ್ತು ದಾರಿಯುದ್ದಕ್ಕೂ ಅತ್ತೆ. ಯಜಮಾನರು ಧೂಳೆಂದುಕೊಂಡು ಕಿಟಕಿ ಗಾಜು ಏರಿಸಿದರು.

ಆದ್ದರಿಂದ ಮಹಾಶಯರೇ, ತಮ್ಮ ಕೀರ್ತಿಗೆ ಕುಂದು ಬಾರದಂತೆ, ಅಕ್ಕನ ಮನೆಯೆದುರು ಒಂದೇ ಒಂದು ಸಲ ಕೆಮ್ಮಿ ನಿಲ್ಲಬೇಕು. ಪಿಸ್ಟನ್ ಮುರಿದುಕೊಳ್ಳುವಂಥ ತ್ಯಾಗವೇನೂ ಬೇಡ. ಷಡ್ಡಕರಿಬ್ಬರೂ ಸೇರಿ ತಮ್ಮನ್ನು ತಳ್ಳಿ, ಬೆವತು, ಒಬ್ಬರನ್ನೊಬ್ಬರು ಬೈದು, ಹಸಿದು, ಒಂದೇ ಪಂಕ್ತಿಯಲ್ಲಿ ರೊಟ್ಟಿ ತಿಂದು ಕೈ ತೊಳೆಯುವವರೆಗೆ ತಾವು ಮುನಿಸಿಕೊಂಡಿದ್ದರೆ ಸಾಕು. ಆಮೇಲೆ ಸ್ಟಾರ್ಟ್ ಆಗಬಹುದು. ತಮ್ಮನ್ನು ಕಟ್ಟಿದ ಜಪಾನಿನವರು ಆಕ್ಷೇಪಿಸಿದರೆ, ಹೆಣ್ಣುಮಗಳೊಬ್ಬಳ ತವರಿನ ವಿಚಾರವೆಂದು ತಿಳಿಸಿರಿ. ಅವರಿಗೂ ಅಕ್ಕತಂಗಿಯರಿದ್ದಾರು.

ಹಿಂದಿನ ಸೀಟಿನಿಂದ,
ತಮ್ಮ ವಿಶ್ವಾಸಿ
ಶಿವಗಂಗಮ್ಮ

ಮರೆತ ಮಾತು: ಇವತ್ತು ಗೌಸ್‌ಪೀರ್ ಅವರು ರೇಡಿಯೇಟರ್ ತೊಳೆದು, ನೀರು ತುಂಬಿಸುವುದನ್ನು ನನಗೆ ಒಪ್ಪಿಸಿ ಹೋಗಿದ್ದಾರೆ. ಆರು ಚೊಂಬು ಹಿಡಿಯುತ್ತದೆ ಎಂದಿದ್ದರು, ನಾನು ಎರಡು ಹಾಕಿ ಮುಚ್ಚಳ ಬಿಗಿದಿದ್ದೇನೆ. ನಾಳೆ ಶಿಕಾರಿಪುರಕ್ಕೆ ಹೊರಟಿದ್ದೇವೆ. ದಾರಿಯಲ್ಲಿ ಬಾಯಾರಿದರೆ ಸಂಕೋಚ ಬೇಡ, ಅಕ್ಕನ ಮನೆಯ ಬಾವಿ ರಸ್ತೆ ಪಕ್ಕದಲ್ಲೇ ಇದೆ.