ದೊಡ್ಡಮ್ಮನ ಟ್ರಾಮು

ಬೆಂಗಳೂರಿನಲ್ಲಿ ಟ್ರಾಮ್ ಇಲ್ಲವೆಂದು ನನ್ನ ದೊಡ್ಡಮ್ಮನ ಮುಂದೆ ಮಾತ್ರ ಹೇಳಬೇಡಿ. ಚಾಮರಾಜಪೇಟೆಯ ಅವರ ಮನೆಯ ಗೋಡೆಯ ಮೇಲೆ ಅವರೇ ಬರೆದು ಅಂಟಿಸಿದ ಅದರ ವೇಳಾಪಟ್ಟಿಯೇ ಇದೆ. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಏಳು ನಿಮಿಷಕ್ಕೊಂದು. ಭಾನುವಾರ ಹತ್ತಕ್ಕೊಂದು; ಡ್ರೈವರಿಗೂ ಹೆಂಡತಿ ಮಕ್ಕಳು ಇರುತ್ತಾರಲ್ಲ!

ಜೀವಮಾನವಿಡೀ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು, ಹಳಿಗೆ ಜಾಗ ಸಾಲುತ್ತದೆಂದು ಸಾಧಿಸದೆ ಬಿಡುತ್ತಾರೆಯೇ? ಒಂದು ಬೆಳಿಗ್ಗೆ ಅಳತೆ ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು ರಸ್ತೆಯ ಆಚೆ ಬದಿಗೆ ಅಟ್ಟಿದರು. ಟೇಪಿನ ಮುಂದೆ ಒಂದು ಆಟೋ ನಿಂತಿತು.

“ಏನಮ್ಮ, ರೋಡ್ ಅಗಲ ಮಾಡ್ತಾರಾ? ಎಷ್ಟು ಮನೆ ಹೋಗುತ್ತೆ?” ಎಂದ ಚಾಲಕ.

“ಒಂದೂ ಹೋಗಲ್ಲ. ಟ್ರಾಮ್ ಬರುತ್ತೆ.”

“ಆಮೇಲೆ ನಮ್ಮ ಹೊಟ್ಟೆಪಾಡು?”

“ಟ್ರಾಮ್ ಇಳಿದೋರನ್ನ ಗಲ್ಲಿ ಒಳಗಿನ ಮನೇಗೆ ಯಾರಪ್ಪ ಬಿಡೋದು? ನೀನೇ ತಾನೆ? ಈ ಅರ್ಜಿಗೆ ಸೈನ್ ಹಾಕು.”

ಹಾಕಿದ. ಹಿಂದೆ ಕುಳಿತಿದ್ದವರೂ ಹಾಕಿದರು. ಹಾಕದಿದ್ದರೆ ಆಟೋ ಹೊರಡುವಂತಿರಲಿಲ್ಲ.

ಆ ಅರ್ಜಿ ಹಿಡಿದು ದೊಡ್ಡಮ್ಮ ವಾರ್ಡಿನ ಸಭೆಗೆ ಹೋದರು. “ಮೆಟ್ರೋ ಇದೆಯಲ್ಲಮ್ಮ,” ಎಂದರು ಪಾಲಿಕೆಯ ಎಂಜಿನಿಯರು.

“ಮೆಟ್ರೋ ಹತ್ತೋಕೆ ಮೊದಲು ರಸ್ತೆ ದಾಟಬೇಕಲ್ಲಪ್ಪ. ಟ್ರಾಮ್ ಎಲ್ಲಿ ಬರುತ್ತೆ ಅಂತ ಮಗೂಗೂ ಗೊತ್ತಾಗುತ್ತೆ. ಈ ಬೈಕು ಕಾರು ಎಲ್ಲಿಂದ ನುಗ್ಗುತ್ತೆ ಅಂತ ನಿಮಗೆ ಗೊತ್ತಾ? ಟ್ರಾಮ್ ತುಂಬ ಜನ ಕೂತ್ರೆ, ಬೀದೀಲಿ ಅಷ್ಟು ಗಾಡಿ ಕಮ್ಮಿ.”

ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಆರನೆಯದರಲ್ಲಿ ಎಂಜಿನಿಯರು ಕೈಮುಗಿದು, “ಟ್ರಾಮ್ ನನ್ ಕೈಲಿಲ್ಲಮ್ಮ, ಬೇರೆ ಏನಾದ್ರೂ ಕೇಳಿ,” ಎಂದರು. ದೊಡ್ಡಮ್ಮ ಒಂದು ಕ್ಷಣವೂ ಯೋಚಿಸದೆ, ತಾವು ಪಾಠ ಹೇಳುತ್ತಿದ್ದ ಶಾಲೆಯ ಮುಂದೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಕೇಳಿದರು. ಮೂರು ತಿಂಗಳಲ್ಲಿ ಅದು ಆಗಿಯೇ ಹೋಯಿತು.

ನೋಡಲು ಒಂದು ಸಂಜೆ ಇಬ್ಬರೂ ಹೋದೆವು. “ಇಷ್ಟಾಯ್ತಲ್ಲ ದೊಡ್ಡಮ್ಮ. ಇನ್ನು ಟ್ರಾಮ್ ಬಿಟ್ಬಿಡಿ,” ಎಂದೆ.

“ಇದೊಂದೇ ಕಡೆ ಆದ್ರೆ ಸಾಕೇನೋ? ಬಿಡಲ್ಲ.” ಅವರು ಶಾಲೆಯ ಗೇಟನ್ನೇ ನೋಡುತ್ತಿದ್ದರು. “ನನ್ ಕ್ಲಾಸಿನ ಹುಡುಗಿ ಇಲ್ಲೇ ದಾಟ್ತಿದ್ಲು. ಕಾರು ಗುದ್ದಿ ಹೋಗ್ಬಿಟ್ಲು. ಐದನೇ ಕ್ಲಾಸು ಕಣೋ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕಿದ್ರು. ಆದ್ರೂ ಹಾಜರಿ ಕೂಗೋವಾಗ ಬಾಯಿಗೆ ಬಂದ್ಬಿಡೋದು. ವರ್ಷ ಪೂರ್ತಿ ಕೂಗಿದೀನಿ. ಒಂದು ಮಗೂನೂ ನಗಲಿಲ್ಲ.”

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಕೊನೆಯ ಮಗು ದಾಟಿ ಆಚೆ ಬದಿ ಸೇರುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.