ಮೇಲ್ ತೆರೀಲಾರದ ಗಿರಾಕಿಗಳು

ಸೀರಿ ಅಂಗಡ್ಯಾಗ ಒಮ್ಮೆ ಕಂಪ್ಯೂಟರ್ ಬಂತಂದ್ರ ಮುಗೀತು, ದಿನಾ ಏನರ ಒಂದು ಫಜೀತಿ ಆಗಾಕ ಬೇಕು. ನಾಕು ಮಂದಿ ಕೂಡಿದಲ್ಲಿ ನಾ ಇವನ್ನ ಹೇಳಾಕ ಸುರು ಮಾಡಿದ್ರ, "ಸುಳ್ಳ ಹೇಳಬ್ಯಾಡ ಬಿಡಬೇ" ಅಂತಾರ. ಸುಳ್ಳ ಹೇಳೂದಾಗಿದ್ರ ಇದಕ್ಕಿಂತ ಚಲೋದು ಹೇಳ್ತಿದ್ದೆ. ಇವು ಎಲ್ಲಾ ಖರೇನ ಆದ ಮಾತು.

ಎರಡು ಸಾವಿರದ ಇಸ್ವಿ ದಾಟಿ ಒಂದಿಷ್ಟು ವರ್ಷ ಆಗಿತ್ತು. ನಾ ಹುನಗುಂದದಾಕಿ. ಬಿ.ಕಾಂ. ಮುಗಿಸಿ, ಬಾಗಲಕೋಟ್ಯಾಗ ಕಂಪ್ಯೂಟರ್ ಕೋರ್ಸ್ ಮಾಡಿ, ಇಳಕಲ್ಲಿನ ಒಂದು ಸೀರಿ ಅಂಗಡ್ಯಾಗ ಕೆಲಸಕ್ಕ ಸೇರಿದ್ದೆ. ಬಾದಾಮಿ ಗುಹಾ ನೋಡಾಕ ಬಂದ ಪರ ಊರ ಮಂದಿ ಹಂಗ ಇಳಕಲ್ಲಿಗೂ ಬಂದು ಸೀರಿ ಒಯ್ತಿದ್ರು. ಒಯ್ದವ್ರು ತಿರುಗಿ ಬರ್ತಿರಲಿಲ್ಲ. ಅವ್ರ ಈಮೇಲ್ ಬರಕೊಂಡು, ಹೊಸಾ ಸೀರಿ ಬಂದಾಗೆಲ್ಲಾ ಫೋಟೋ ಕಳಿಸಿದ್ರ ಕುಂತಲ್ಲೇ ಕೊಳ್ತಾರ ಅಂತ ಸಾವ್ಕಾರ್ರ ತಲ್ಯಾಗ ತುಂಬಿದಾಕಿ ನಾನ.

ಸಾವ್ಕಾರ್ರು ಒಪ್ಪಿದ್ರು. ಒಪ್ಪಿ ಒಂದು ಗಡುವು ಹಾಕಿದ್ರು.

"ನೋಡು ತಂಗಿ, ದೀಪಾವಳಿ ಮಟಾ ನೋಡ್ತೇನಿ. ಅಷ್ಟರಾಗ ಈ ಡಬ್ಬಿಯಿಂದ ಒಂದು ಮದವಿ ಜವಳಿ ಬರಬೇಕು. ಒಂದೊಂದು ಬಿಡಿ ಸೀರಿ ಲೆಕ್ಕಕ್ಕಿಲ್ಲ. ಬೀಗರು, ಬಿಜ್ಜರು, ಮದಮಗಳು, ಎಲ್ಲಾರ ಅರಿವಿ ಒಮ್ಮೆಲೇ ಇಲ್ಲೇ ಆಗಬೇಕು. ಬರಲಿಲ್ಲ, ಡಬ್ಬಿ ಮಾರಿ ಆ ಜಾಗಾದಾಗ ಕುಬಸದ ಖಣ ಇಡೂ ಕಪಾಟ ನಿಂದರಸ್ತೇನಿ. ನೀನೂ ಆರಾಮ ಮನಿಗೆ ಹೋಗು."

ಮನಿಗೆ ಹೋಗೂದೇನು! ನಮ್ಮ ಓಣ್ಯಾಗ ಪಗಾರ ತರೂ ಮೊದಲನೇ ಹುಡಿಗಿ ನಾನು. ಸುಮ್ನ ತಿರುಗಿ ಹೋಗಿ ಕಟ್ಟಿ ಮ್ಯಾಲೆ ಕುಂತ್ರ ಮಂದಿ ನಕ್ಕಾರು. ಹಲ್ಲ ಕಚ್ಚಿ, "ತರಿಸೇ ತೀರ್ತೇನಿ ಸಾವ್ಕಾರ್ರ" ಅಂದೆ.

೧. ವಿಳಾಸ

ಮೊದಲ ಕೆಲಸ, ಬಂದ ಗಿರಾಕಿಗಳ ಈಮೇಲ್ ಕೇಳೂದು. ಆವಾಗ ನಮ್ಮ ಕಡೆ ಅದು ಇದ್ದವ್ರು ಕಡಿಮಿ, ಇಲ್ಲ ಅನ್ನಾಕ ನಾಚೂವವ್ರು ಭಾಳ.

ಕೆರೂರ ಕಡಿಂದ ಒಬ್ಬ ಅಮ್ಮಾರು ಬಂದಿದ್ರು. ಕಚ್ಚಿ ಸೀರಿ, ಹಣಿ ತುಂಬ ವಿಭೂತಿ. ಈಮೇಲ್ ಅಂದ ಕೂಡ್ಲೆ ಸೊಂಟದ ಚೀಲದಿಂದ ಒಂದು ಚೀಟಿ ತಗದು ಕೊಟ್ರು. ಮೊಮ್ಮಗ ಬರದು ಕೊಟ್ಟಿದ್ದಂತ. ನನಗ ಭಾಳ ಖುಷಿ ಆತು.

"ಕಳಸವಾ, ಚಲೋ ಚಲೋ ಸೀರಿ ಕಳಸು," ಅಂದ್ರು. "ಆದ್ರ ಸಂತಿ ದಿನಾ ಕಳಸಬ್ಯಾಡ. ಅವತ್ತ ನಾ ಮನ್ಯಾಗ ಇರಂಗಿಲ್ಲ, ಕೀಲಿ ಹಾಕಿರ್ತೇನಿ."

"ಅಮ್ಮಾರ, ಇದು ಟಪಾಲಲ್ರಿ. ಯಾರೂ ತಂದು ಕೊಡಂಗಿಲ್ಲ. ಹಂಗ ಗಾಳ್ಯಾಗ ಬರ್ತೈತಿ."

ಅಮ್ಮಾರು ಒಂದು ಗಳಿಗಿ ವಿಚಾರ ಮಾಡಿದ್ರು. ಆಮ್ಯಾಲೆ ನನ್ನ ಬೆನ್ನ ತಟ್ಟಿ ಅಂದ್ರು: "ಹಂಗಾರ ಚಿಂತಿಲ್ಲ ಬಿಡು. ಕಿಡಕಿ ತೆರದಿಟ್ಟು ಹೋಗ್ತೇನಿ."

೨. ನೋಡೂದನ್ನ ನೋಡೂದು

ಮೇಲ್ ಕಳಸಾಕ ನಾವು ಒಂದು ಕಂಪನಿ ಹಿಡದಿದ್ವಿ. ಅದರಾಗ ಒಂದು ಸವಲತ್ತು ಇತ್ತು. ಕಳಿಸಿದ ಮೇಲ್ ಯಾರು ತೆರದ್ರು, ಯಾವ ಸೀರಿ ಫೋಟೋ ಮ್ಯಾಲೆ ಒತ್ತಿದ್ರು, ಯಾರು ಮುಟ್ಟಿ ಸೈತ ನೋಡಲಿಲ್ಲ, ಎಲ್ಲಾ ನನ್ನ ಮುಂದ ಕಾಣ್ತಿತ್ತು. ಯಾರಿಗೆ ಮನಸ್ಸೈತಿ, ಯಾರಿಗಿಲ್ಲ ಅಂತ ತಿಳಕೊಳ್ಳಾಕ ಭಾಳ ಉಪಯೋಗದ್ದು. ಅದನ್ನ ಸಾವ್ಕಾರ್ರಿಗೆ ತೋರಿಸಿದ್ದ ನನ್ನ ಹುಚ್ಚುತನ.

"ಅಂದ್ರ ಅವ್ರು ನೋಡೂದು ನಮಗ ಕಾಣ್ತೈತಿ?"

"ಹೌದ್ರಿ. ನೋಡ್ರಿ, ಪುಣೇದಾಗ ಇರೂ ನಮ್ಮ ಕಡೇವ್ರು ಒಬ್ಬರು ಮುಂಜಾನಿಂದ ಈ ಕೆಂಪು ತೋಪ ತೆನಿ ಸೆರಗಿನ ಸೀರಿ ತಿರುಗಿ ತಿರುಗಿ ನೋಡಾಕತ್ತಾರ."

ನಾ ನೀರ ಕುಡದು ಬರೂದರಾಗ ಸಾವ್ಕಾರ್ರು ಫೋನ್ ಹಚ್ಚಿಬಿಟ್ಟಿದ್ರು. ಎದುರಿನವ್ರ ದನಿ ನನಗೂ ಕೇಳಲಿ ಅಂತ ಸ್ಪೀಕರ್ ಬ್ಯಾರೆ ಒತ್ತಿದ್ರು.

"ನಮಸ್ಕಾರ್ರಿ, ಇಳಕಲ್ಲಿಂದ ಮಾತಾಡಾಕತ್ತೇವಿ. ಮುಂಜಾನಿಂದ ಆ ಕೆಂಪು ಸೀರಿ ನೋಡೇ ನೋಡಾಕತ್ತೀರಿ. ಪಸಂದ ಬಂತೇನ್ರಿ?"

ಆ ಕಡಿಂದ ಸಣ್ಣ ದನಿ ಬಂತು: "ನೀವು ಎಲ್ಲಿಂದ ನೋಡಾಕತ್ತೀರಿ?"

"ಇಲ್ಲೇ ಅಂಗಡ್ಯಾಗ ಕುಂತು. ಚಂದ ಕಾಣ್ತೈತ್ರಿ."

ಆ ಕಡೆ ಕುರ್ಚಿ ಸರದ ಸಪ್ಪಳ ಆತು. ದಡಾ ದಡಾ ಓಡಿದ ಸಪ್ಪಳ ಆತು. ಕಿಡಕಿ ಪಡದಾ ಜಗ್ಗಿದ ಸಪ್ಪಳನೂ ಕೇಳಿತು. ಆಮ್ಯಾಲೆ ಆ ಪುಣ್ಯಾತ್ಮರು ಮೆಲ್ಲಕ ಕೇಳಿದ್ರು: "ಈಗೂ ಕಾಣ್ತೇನೇನ್ರಿ?"

೩. ಉಪಚಾರ

ನಮ್ಮ ಎಲ್ಲಾ ಈಮೇಲಿನ ತಳದಾಗ ಒಂದು ಸಾಲು ಇರ್ತಿತ್ತು. ಮೇಲ್ ಬ್ಯಾಡಾದ್ರ ಇಲ್ಲಿ ಒತ್ತ್ರಿ ಅಂತ. ಅದು ಇರಾಕ ಬೇಕು, ಮೇಲ್ ಕಂಪನಿ ಕಾಯ್ದೆ. ನಾವು ದಿನಾ ಎಲ್ಲಾರಿಗೂ ಕಳಿಸಿ ಕಳಿಸಿ, ಒಬ್ಬೊಬ್ಬರ ಒತ್ತಾಕ ಹತ್ತಿದ್ರು.

ಸಾವ್ಕಾರ್ರು ಹೆಸರು ಕೇಳಿದ್ರು. ಹೇಳಿದೆ.

"ಅವ್ರಿಗೆ ಇನ್ನೆರಡು ಕಳಸು."

"ಸಾವ್ಕಾರ್ರ! ಅವ್ರು ಬ್ಯಾಡಂದಾರ್ರಿ."

"ಏ, ಬ್ಯಾಡಂದ್ರ ಬ್ಯಾಡೇನು? ಊಟಕ್ಕ ಕುಂತವ್ರು ಮೊದಲನೇ ಸರ್ತಿಗೇ ಹಾಕ್ರಿ ಅಂತಾರೇನು? ಎಲಿಗೆ ಕೈ ಅಡ್ಡ ಹಿಡೀತಾರ. ಆ ಕೈ ಸಂದಿನ್ಯಾಗ ಹೋಳಗಿ ಜಾರಸಬೇಕು. ಅದು ಉಪಚಾರ. ಬ್ಯಾಡಂದ ಕೂಡ್ಲೆ ಬಿಟ್ರ ಅವ್ರ ಏನಂದುಕೊಳ್ತಾರ? ಇಳಕಲ್ಲ ಮಂದಿಗೆ ಮರ್ಯಾದಿ ಇಲ್ಲ ಅಂತಾರ."

ಕಂಪನಿ ಈಮೇಲಿನಿಂದ ಅವ್ರಿಗೆ ಹೋಗಂಗಿಲ್ಲ ಅಂತ ನಾ ಗಟ್ಟಿ ನಿಂತೆ. ಸಾವ್ಕಾರ್ರು ಬಗ್ಗಲಿಲ್ಲ. ತಮ್ಮ ಸ್ವಂತ ಈಮೇಲಿನಿಂದ, ಒಂದ ಬೆರಳಲೆ ಕುಟ್ಟಿ ಕುಟ್ಟಿ, ಬೆಂಗಳೂರಿನ ಒಬ್ಬ ಅಮ್ಮಾರಿಗೆ ಬರದ್ರು: ಸಂಕೋಚ ಮಾಡ್ಕೋಬ್ಯಾಡ್ರಿ, ಬರೇ ನೋಡಾಕ ರೊಕ್ಕ ಏನಿಲ್ಲ.

ಆ ಅಮ್ಮಾರ ಉತ್ತರ ಬಂತು: "ದಯವಿಟ್ಟು ನಿಲ್ಲಿಸಿ."

ಸಾವ್ಕಾರ್ರ ಮಾರಿ ಅರಳಿತು. "ನೋಡಿದ್ಯಾ, ದಯವಿಟ್ಟು ಅಂತ ಬರದಾರ. ಎಷ್ಟ ಸಂಸ್ಕಾರ!" ಅಂದವ್ರ ಇನ್ನೂ ನಾಕು ಫೋಟೋ ಕಳಿಸಿದ್ರು.

ಈ ಸಲ ಉತ್ತರ ಲಗೂನ ಬಂತು. ಇನ್ನೊಂದು ಮೇಲ್ ಬಂದರೆ ಪೊಲೀಸರಿಗೆ ದೂರು ಕೊಡುತ್ತೇನೆ ಅಂತ ಇತ್ತು. ಸಾವ್ಕಾರ್ರು ಅದನ್ನ ಸಾವಕಾಶ ಓದಿದ್ರು, ಚಾಳೀಸ ತಗದು ಒರಸಿದ್ರು, ಸಮಾಧಾನಲೆ ಅಂದ್ರು:

"ಹಾಂ. ಈಗ ಖರೇನ ಹೊಟ್ಟಿ ತುಂಬೇತಿ."

೪. ಚಾ ಮಂದಿ, ನೀರ ಮಂದಿ

ನಗೂದು ಬ್ಯಾರೆ. ದಸರಾ ಮುಗಿದಿತ್ತು, ಜವಳಿ ಒಂದೂ ಬಂದಿರಲಿಲ್ಲ. ಅದರ ಮ್ಯಾಲೆ ಮೇಲ್ ಕಂಪನಿಯಿಂದ ಎಚ್ಚರಿಕಿ ಬಂತು. ನಿಮ್ಮ ಮ್ಯಾಲೆ ತಕರಾರು ಭಾಳ ಆಗ್ಯಾವ, ತೆರೀಲಾರದವ್ರಿಗೆ ಹಿಂಗ ಕಳಿಸ್ಕೋತ ಹ್ವಾದ್ರ ನಿಮ್ಮ ಖಾತೆ ಬಂದ್ ಮಾಡ್ತೇವಿ ಅಂತ ಬರದಿದ್ರು. ಖಾತೆ ಬಂದ್ ಆದ್ರ ನಂದೂ ಬಂದ್. ನನಗ ಕಣ್ಣಾಗ ನೀರ ಬಂದುವು, ಆದ್ರ ಸಿಟ್ಟ ಅದಕ್ಕಿಂತ ಜಾಸ್ತಿ ಬಂತು.

ಮರುದಿನ ಹೋದಾಕೀನ ಹೇಳಿದೆ: "ಸಾವ್ಕಾರ್ರ, ಇವತ್ತಿನಿಂದ ಎಲ್ಲಾರಿಗೂ ಒಂದ ಮೇಲ್ ಇಲ್ಲ. ಗಿರಾಕಿಗಳನ್ನ ಮೂರು ಭಾಗ ಮಾಡ್ತೇನಿ. ತೆರದು ಒತ್ತಿ ನೋಡೂವವ್ರು ಬ್ಯಾರೆ, ಬರೇ ತೆರದು ಬಿಡೂವವ್ರು ಬ್ಯಾರೆ, ತೆರೀಲಾರದವ್ರು ಬ್ಯಾರೆ."

ಸಾವ್ಕಾರ್ರು ಗಾದಿ ಮ್ಯಾಲಿಂದ ಎದ್ದ ನಿಂತ್ರು. "ಪಂಕ್ತಿಭೇದ! ಕೂಡಲಸಂಗಮ ಇಷ್ಟ ಹತ್ರ ಇಟ್ಕೊಂಡು ನನ್ನ ಅಂಗಡ್ಯಾಗ ಪಂಕ್ತಿಭೇದ ಮಾಡ್ತೀಯೇನು? ಎಲ್ಲಾ ಗಿರಾಕಿಗೂ ಒಂದ ತಾಟ, ಒಂದ ಊಟ!"

ನಾನೂ ಬಿಡಲಿಲ್ಲ. "ನೀವು ಅಂಗಡ್ಯಾಗ ಏನ್ ಮಾಡ್ತೀರಿ ಹೇಳ್ರಿ. ಗಾದಿ ಮ್ಯಾಲೆ ಕುಂತು ಸೀರಿ ಬಿಚ್ಚಿಸಿದವ್ರಿಗೆ ಚಾ ತರಸ್ತೀರಿ. ಮೆಟ್ಟಲ ಮ್ಯಾಲೆ ನಿಂತು ನೋಡೂವವ್ರಿಗೆ ನೀರ ಕೊಡ್ತೀರಿ. ರಸ್ತಾದಾಗ ಹೊಂಟವ್ರಿಗೆ ಬರ್ರಿ ಅಂತ ಒಮ್ಮೆ ಅಂತೀರಿ. ರಸ್ತಾದಾಗ ಹೊಂಟವ್ರ ಕೈಯಾಗ ಓಡಿ ಹೋಗಿ ಚಾ ಕಪ್ಪ ಇಡ್ತೀರೇನು?"

ಸಾವ್ಕಾರ್ರು ಕುಂತ್ರು. "ಇದನ್ನ ಮೊದಲ ದಿನಾನ ಹಿಂಗ ಹೇಳಾಕ ಏನಾಗಿತ್ತು ನಿನಗ?" ಅಂದ್ರು.

ಅವತ್ತ ಕುಂತು ಭಾಗ ಮಾಡಿ ಮುಗಿಸಿದೆ. ಚಾ ಮಂದಿಗೆ ಹೊಸಾ ಸೀರಿ ಬಂದ ಕೂಡ್ಲೆ ಮೇಲ್. ನೀರ ಮಂದಿಗೆ ವಾರಕ್ಕೊಮ್ಮೆ. ಬರ್ರಿ ಮಂದಿಗೆ ಅಪರೂಪಕ್ಕ ಒಂದು. ಸಾವ್ಕಾರ್ರು ಪಕ್ಕಕ್ಕ ಬಂದು ಪರದೆ ಮ್ಯಾಲೆ ಇಣಕಿದ್ರು.

"ಅದಿರ್ಲಿ, ನನ್ನ ಹೆಸರು ಎಲ್ಲೈತಿ?"

ಹುಡಿಕಿ ತೋರಿಸಿದೆ. ನಮ್ಮ ಅಂಗಡಿ ಮೇಲನ್ನ ಅವ್ರು ಒಮ್ಮೆನೂ ತೆರದಿರಲಿಲ್ಲ. "ಸಾವ್ಕಾರ್ರ, ನೀವು ರಸ್ತಾದಾಗ ಅದೀರಿ."

"ಅಲಲಾ! ನನ್ನ ಅಂಗಡ್ಯಾಗ ನನಗ ಚಾ ಇಲ್ಲೇನು?"

೫. ಒಳಗ ಏನಿತ್ತು

ಭಾಗ ಮಾಡಿದ್ದಕ್ಕ ಗುಣ ಕಂಡಿತು. ತಕರಾರು ನಿಂತುವು, ಚಾ ಮಂದಿ ಬಿಡಿ ಸೀರಿ ತರಸಾಕ ಹತ್ತಿದ್ರು. ಆದ್ರ ಜವಳಿ ಇಲ್ಲ. ದೀಪಾವಳಿ ಬಾಗಲಿಗೆ ಬಂದಿತ್ತು. ಸಾವ್ಕಾರ್ರು ಬಡಗ್ಯಾನ ಕರಿಸಿ ನನ್ನ ಟೇಬಲ್ಲಿನ ಅಳತಿ ಸೈತ ತಗಿಸಿದ್ರು. ಅಂವಾ ಟೇಪ ಹಿಡದು, "ಸ್ವಲ್ಪ ಸರೀರಿ ಅಕ್ಕಾರ" ಅಂದ. ನಾ ಸರೀಲಿಲ್ಲ.

ಉಳದದ್ದು ಒಂದ ದಾರಿ, ಬರ್ರಿ ಮಂದಿ. ಅವ್ರಿಗೆ ಕಡೀ ಮೇಲ್ ಒಂದು ಹಾಕೂದು ಅಂತ ಠರಾಯಿಸಿದೆ. ತೆರದ್ರ ಇಟ್ಕೊಳ್ಳೂದು, ಇಲ್ಲಂದ್ರ ಹೆಸರು ತಗದಬಿಡೂದು. ಒಳಗ ಆಸೆ ಹಚ್ಚಾಕ ಏನರ ಬೇಕಲ್ಲ, ಎಲ್ಲಾ ಸೀರಿಗೂ ಹಬ್ಬದ ರಿಯಾಯಿತಿ ಕೊಡ್ರಿ ಅಂತ ಸಾವ್ಕಾರ್ರ ಬೆನ್ನ ಹತ್ತಿದೆ.

"ಎಷ್ಟರ ಹಾಕ್ಕೋ ಹೋಗು," ಅಂದ್ರು. "ಹೆಂಗೂ ಯಾರೂ ತೆರಿಯಂಗಿಲ್ಲ."

ಕೈ ಬಿಚ್ಚಿ ಹಾಕಿದೆ. ಆವಾಗ ಕನ್ನಡ ಅಕ್ಷರ ಕಳಿಸಿದ್ರ ಆ ಕಡೆ ಬರೇ ಚೌಕ ಚೌಕ ಕಾಣ್ತಿದ್ದುವು. ಅದಕ ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀತಿದ್ದೆ. ತೆರೀದಿದ್ರೂ ಹೊರಗ ಕಾಣೂ ಸಾಲು ಚುರುಕ್ ಅನ್ನೂವಂಗ ಇರಲಿ ಅಂತ ಹಿಂಗ ಕುಟ್ಟಿದೆ: "ಭಾಳ ದಿನಾತು ನೀವು ನಮ್ಮ ಕಡೆ ತಿರುಗಿ ನೋಡಿಲ್ಲ. ನಿಮ್ಮ ಹೆಸರು ತಗದಬಿಡೂದೇನ್ರಿ?"

ಮರುದಿನ ಅಂಗಡಿ ಮುಂದ ಬಾಗಲಕೋಟಿ ಗಾಡಿ ಬಂದು ನಿಂತಿತು. ಇಳದವ್ರು ಸಾವ್ಕಾರ್ರ ಬೀಗರು, ಮಗಳನ್ನ ಕೊಟ್ಟ ಮನಿಯವ್ರು. ಬೀಗತಿ, ಅವ್ರ ತಂಗಿ, ಇಬ್ಬರು ಸೋದರತ್ತಿಗಳು, ಗಾಡಿ ತುಂಬ ಮಂದಿ. ಎಲ್ಲಾರ ಮಾರೀನೂ ಸಣ್ಣಾಗಿತ್ತು. ಕೈಯಾಗ ಹಣ್ಣಿನ ಬುಟ್ಟಿ ಬ್ಯಾರೆ.

ಸಾವ್ಕಾರ್ರು ಗಾದಿಯಿಂದ ಇಳದು ಓಡಿ ಬಂದ್ರು. "ಏನ್ರಿ ಬೀಗರ, ಹೇಳದ ಕೇಳದ ಬಂದ್ರಿ? ನಮ್ಮ ಮಗಳು ಆರಾಮ ಅದಾಳಿಲ್ಲೋ?"

ಬೀಗರು ಅವ್ರ ಎರಡೂ ಕೈ ಹಿಡಕೊಂಡ್ರು. "ತಪ್ಪಾತ್ರಿ ಬೀಗರ. ಸಣ್ಣ ಮಗನ ಮದವಿ ಜವಳಿಗೆ ಇವತ್ತ ನಾವು ಹುಬ್ಬಳ್ಳಿಗೆ ಹೋಗೂವವ್ರಿದ್ವಿ. ಬೀಗರ ಅಂಗಡ್ಯಾಗ ಚೌಕಾಶಿ ಮಾಡೂದು ಹೆಂಗ, ಸಂಕೋಚ ಆತು. ಒಬ್ಬರಿಗೂ ಹೇಳಿರಲಿಲ್ಲ. ಅಷ್ಟರಾಗ ನಿಮಗ ಗೊತ್ತಾಗಿ ಹೋತು. ಆದ್ರ ಇಷ್ಟಕ್ಕ ಸಂಬಂಧ ಹರಕೊಳ್ಳೂದೇನ್ರಿ? ಹೆಸರು ತಗೀತೇನಿ ಅನ್ನೂದೇನ್ರಿ?"

ಸಾವ್ಕಾರ್ರು ನನ್ನ ಮಾರಿ ನೋಡಿದ್ರು, ನಾ ಪರದೆ ನೋಡಿದೆ. ಸುರುವಿಗೆ ಬಳಗದವ್ರನ್ನೆಲ್ಲಾ ಮೇಲ್ ಪಟ್ಟಿಗೆ ಸೇರಿಸು ಅಂತ ಸಾವ್ಕಾರ್ರ ಹೇಳಿದ್ರು. ಬರ್ರಿ ಮಂದ್ಯಾಗ ಬೀಗರು ನೆಟ್ಟಗ ಕುಂತಿದ್ರು. ಬೀಗರ ಮನ್ಯಾಗ ಮದವಿ ಐತೆಂತ ಸಾವ್ಕಾರ್ರಿಗೆ ಗೊತ್ತಿತ್ತು, ಆದ್ರ ಹೆಣ್ಣ ಕೊಟ್ಟವ್ರು ಜವಳಿ ನಮ್ಮಲ್ಲೇ ತಗೋರಿ ಅಂತ ಬಾಯಿ ಬಿಟ್ಟು ಕೇಳಾಕ ಬರಂಗಿಲ್ಲ. ತಮ್ಮ ಬಾಯಿ ಕೇಳಲಾರದ್ದನ್ನ ಡಬ್ಬಿ ಕೇಳಿತ್ತು.

ಸಾವ್ಕಾರ್ರು ಶಾಣ್ಯಾ ಮನಿಷ್ಯಾ. ಒಂದ ಗಳಿಗ್ಯಾಗ ಮಾರಿ ಬಿಗದು, "ಇರ್ಲಿ ಬಿಡ್ರಿ, ಆದದ್ದಾತು. ಸೀರಿ ನೋಡ್ರಿ" ಅಂದ್ರು.

ಅವತ್ತ ಅಂಗಡ್ಯಾಗ ಸೀರಿ ಬಿಚ್ಚಿದ್ದ ಬಿಚ್ಚಿದ್ದು. ಮದಮಗಳಿಗೆ, ಬೀಗತ್ಯಾರಿಗೆ, ಸೋದರತ್ತ್ಯಾರಿಗೆ, ಮುಯ್ಯಿಗೆ, ಎಲ್ಲಾ ಅಲ್ಲೇ ಆತು. ತಪ್ಪ ಮಾಡೇವಿ ಅನ್ನೂ ಸಂಕೋಚಕ್ಕ ಬೀಗರು ಒಂದು ಸೀರಿಗೂ ಚೌಕಾಶಿ ಮಾಡಲಿಲ್ಲ. ಹೇಳಿದ ರೇಟಿಗೆ ಹ್ಞೂಂ ಅಂದ್ರು. ನಾ ಒಳಗೊಳಗ ಕುಣದಾಡಾಕತ್ತಿದ್ದೆ. ಜವಳಿ ಬಂತು, ಡಬ್ಬಿಯಿಂದಾನ ಬಂತು!

ಗಂಟು ಕಟ್ಟಿ ಚಾ ಕುಡೀತಿರಬೇಕಾದ್ರ ನಾ ತಡೀಲಾರದ ಕೇಳಿದೆ: "ಅಲ್ರಿ ಕಾಕಾರ, ಕಂಪ್ಯೂಟರಿನ್ಯಾಗ ನೀವು ಮೇಲ್ ತೆರದೇ ಇಲ್ಲ ಅಂತ ತೋರಸಾಕತ್ತೈತಿ?"

"ಎಲ್ಲಿ ತೆರೀಲೆವಾ!" ಅಂದ್ರು ಬೀಗರು. "ಹೊರಗಿನ ಸಾಲೇ ಅಷ್ಟ ಖಾರ ಇತ್ತು. ಒಳಗ ಇನ್ನ ಏನೇನ್ ಬೈದಿರ್ತಾರೋ ಅಂತ ತೆರೀಲೇ ಇಲ್ಲ. ಮಷೀನ್ ಬಂದ್ ಮಾಡಿ ಸೀದಾ ಗಾಡಿ ಹತ್ತಿದೆ. ಈಗರ ಹೇಳು, ಖರೆ ಹೇಳು, ಒಳಗ ಏನ್ ಬರದಿತ್ತು?"

ಒಳಗ ರಿಯಾಯಿತಿ ಬರದಿತ್ತು. ಎಲ್ಲಾ ಸೀರಿಗೂ.

ಸಾವ್ಕಾರ್ರು ಕಣ್ಣಾಗ ಕಣ್ಣಿಟ್ಟು ನನ್ನ ನೋಡಿದ್ರು. ನಾನೂ ಅವ್ರನ್ನ ನೋಡಿದೆ, ಬಾಗಲದಾಗ ಅಳತಿ ಚೀಟಿ ಹಿಡಕೊಂಡು ನಿಂತಿದ್ದ ಬಡಗ್ಯಾನನ್ನೂ ನೋಡಿದೆ. ಆಮ್ಯಾಲೆ ಭಾಳ ವಿನಯದಿಂದ ಕೇಳಿದೆ: "ಹೇಳ್ಲೇನ್ರಿ ಸಾವ್ಕಾರ್ರ?"

ಸಾವ್ಕಾರ್ರು ಕಪ್ಪ ಕೆಳಗಿಟ್ಟು, ಬೀಗರ ಕಡೆ ತಿರುಗಿ, ಅಂಗಡಿಗೆಲ್ಲಾ ಕೇಳೂವಂಗ ಅಂದ್ರು: "ಆಕಿ ಹೇಳಂಗಿಲ್ರಿ. ಇವತ್ತಿನಿಂದ ಆಕಿ ನಮ್ಮ ಅಂಗಡಿ ಖಾಯಂ ಮನಿಷ್ಯಾಳು. ಖಾಯಂ ಮಂದಿ ಅಂಗಡಿ ಮಾತು ಹೊರಗ ಆಡಂಗಿಲ್ಲ!"