ಕಪ್ಪೆಬಾಯಿ ಹಕ್ಕಿಯ ಬಾಣಂತನ

ಸುಮ್ಮನೆ ಕೂರುವುದು ಸೋಮಾರಿತನವಲ್ಲ, ಅದೊಂದು ವಿದ್ಯೆ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ನನ್ನ ಹೆಂಡತಿ ಶಾರದೆ ಮಾತ್ರ ನಂಬಿಲ್ಲ. ಆದ್ದರಿಂದಲೇ ಈ ಬೇಸಿಗೆಯ ಶುರುವಿನಲ್ಲಿ, ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತನ್ನಿ ಎಂದು ನಮ್ಮೂರು ಮೆಣಸೆಯಲ್ಲಿ ಸೊಪ್ಪು ಕಡಿಯಲೆಂದೇ ಬಿಟ್ಟಿರುವ ನಮ್ಮ ಸೊಪ್ಪಿನ ಬೆಟ್ಟಕ್ಕೆ ನನ್ನನ್ನು ಅಟ್ಟಿದಳು. ಅರ್ಧ ಬುಟ್ಟಿ ತುಂಬುವಷ್ಟರಲ್ಲಿ ಸುಸ್ತಾಗಿ ಮರಕ್ಕೊರಗಿ ಮೇಲೆ ನೋಡುತ್ತೇನೆ, ಕೊಂಬೆಯ ಕವಲಿನಲ್ಲಿ ಸಿಕ್ಕಿಕೊಂಡ ಒಂದು ಹಿಡಿ ದರಕಿಗೆ ಕಣ್ಣಿದೆ!

ಅದು ಹಕ್ಕಿ. ಬೂದು ಮೈ, ಅಗಲ ಬಾಯಿ, ಮೂತಿಯ ಮೇಲೆ ಮೀಸೆಯಂಥ ಕೂದಲು. ನಾನು ಕೆಮ್ಮಿದರೂ ಹಾರಲಿಲ್ಲ. ಕಣ್ಣು ಅರೆಮುಚ್ಚಿ, ಕೊಕ್ಕು ಮೇಲೆತ್ತಿ ಒಣ ಕೊಂಬೆಯೇ ಆಗಿಬಿಟ್ಟಿತು. ಎಲೆಗಳ ಸಂದಿನ ಬಿಸಿಲು ನಿಧಾನವಾಗಿ ನನ್ನ ಮೊಣಕಾಲಿನಿಂದ ಪಾದಕ್ಕೆ ಸರಿಯಿತು. ಅದೂ ನಾನೂ ಒಬ್ಬರನ್ನೊಬ್ಬರು ನೋಡುತ್ತ, ನೋಡದೆಯೂ ಇರುತ್ತ ಎಲ್ಲೋ ತೇಲುತ್ತಿದ್ದೆವು. ಕೊನೆಗೊಮ್ಮೆ ಅದು ತುಸು ಮಿಸುಕಿದಾಗ ಹೊಟ್ಟೆಯಡಿ ಒಂದೇ ಒಂದು ಬಿಳಿ ಮೊಟ್ಟೆ ಕಂಡಿತು. ಈ ವಯಸ್ಸಿನಲ್ಲಿ ನನ್ನಂಥದೊಂದು ಜೀವ ಸಿಕ್ಕಿತಲ್ಲ ಎಂದು ನನಗೆ ಎಲ್ಲಿಲ್ಲದ ಖುಷಿ.

ಅರ್ಧ ಬುಟ್ಟಿಯೊಂದಿಗೆ ಮನೆಗೆ ಬಂದರೆ ಶಾರದೆ, "ಇಷ್ಟು ದರಕು ಎಲ್ಲಿಗೆ ಸಾಕು, ನಾಳೆ ಬೆಟ್ಟದ ಮರಗಳ ಸೊಪ್ಪು ಕಡಿಸ್ತೀನಿ" ಅನ್ನಬೇಕೇ!

"ಬ್ಯಾಡ ಮಾರಾಯ್ತಿ, ಅಲ್ಲೊಂದು ಮರದಲ್ಲಿ ತಾಯಿಹಕ್ಕಿ ಕಾವಿಗೆ ಕೂತಿದೆ. ಪಾಪ, ಅಲುಗಾಡೋದೂ ಇಲ್ಲ."

ಎರಡು ಹೆತ್ತವಳು, ಕರಗಿದಳು. "ಬಾಣಂತಿ ಅಂದ್ಮೇಲೆ ಹೋಗ್ಲಿ ಬಿಡಿ" ಎಂದಳು.

ನಾನು ಅಲ್ಲಿಗೇ ಸುಮ್ಮನಿರಬೇಕಿತ್ತು. ಹಕ್ಕಿಯ ಹೆಸರು ತಿಳಿಯುವ ಚಪಲಕ್ಕೆ, ಕೊಪ್ಪದಲ್ಲಿರುವ ಹಕ್ಕಿ ಹುಚ್ಚಿನ ಗೆಳೆಯ ಗೋಪಾಲನಿಗೆ ಮೊಬೈಲಿನಲ್ಲಿ ಫೋಟೋ ಕಳಿಸಿದೆ. ತಕ್ಷಣ ಅವನ ಫೋನು. ನನ್ನ ಕಿವಿ ಮಂದ, ಸ್ಪೀಕರ್ ಹಾಕಿದೆ.

"ಕಪ್ಪೆಬಾಯಿ ಹಕ್ಕಿ ಮಾರಾಯ! ಕಣ್ಣಿಗೆ ಬೀಳೋದೇ ಅಪರೂಪ. ಆದ್ರೆ ತಾಯಿ ಅಲ್ಲ ಅದು, ಗಂಡು. ಹೆಣ್ಣು ಕೆಂಪಗಿರುತ್ತೆ. ಹಗಲು ಕಾವಿಗೆ ಕೂರೋದು ಗಂಡೇ, ರಾತ್ರಿ ಪಾಳಿ ಹೆಣ್ಣಿಂದು."

ಬಾಗಿಲಲ್ಲಿ ಶಾರದೆ ನಿಂತಿದ್ದಳು. ಬಾಣಂತಿಗೆ ಸಿಕ್ಕ ಮಾಫಿ ಗಂಡಸಿಗೆ ಸಿಕ್ಕೀತೇ? ಮೊಟ್ಟೆಯ ಗತಿ ಮುಗಿಯಿತೆಂದುಕೊಂಡೆ. ಅವಳು ನನ್ನನ್ನೂ ಅರ್ಧ ಬುಟ್ಟಿಯನ್ನೂ ಒಮ್ಮೆ ನೋಡಿದಳು.

"ಮರಿ ಹಾರೋ ತನಕ ಆ ಮರಕ್ಕೆ ಯಾರೂ ಕತ್ತಿ ಹಾಕೋದು ಬ್ಯಾಡ" ಎಂದಳು. "ಕೂತಲ್ಲೇ ಕೆಲಸ ಮಾಡೋ ಗಂಡಸನ್ನ ನಾನು ಕಂಡಿದ್ದೇ ಈಗ."

ಹಕ್ಕಿ ಉಳಿಯಿತು, ನನ್ನ ವಿದ್ಯೆ ಉಳಿಯಲಿಲ್ಲ. ಈಗ ಜಗಲಿಯಲ್ಲಿ ಕಣ್ಣು ಅರೆಮುಚ್ಚಿ ಕೂತರೆ ಸಾಕು, ಒಳಗಿನಿಂದ ಶಾರದೆ ಕೇಳುತ್ತಾಳೆ:

"ಎಂತ ಮಾರಾಯ್ರೆ, ಕೆಳಗೆ ಮೊಟ್ಟೆ ಗಿಟ್ಟೆ ಉಂಟಾ?"